ನೆಲವೇ ಡೊಂಕಾಗಿದ್ದಾಗ

ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಕೆಲಸ ಕೆಟ್ಟಾಗ ಉಪಕರಣವನ್ನು ದೂರುವವರನ್ನು ನಗೆಗೀಡು ಮಾಡಲು ಇದಕ್ಕಿಂತ ಹರಿತವಾದ ಮಾತು ನಮ್ಮಲ್ಲಿ ಇನ್ನೊಂದಿಲ್ಲ. ಆದರೆ ಗಾದೆಯು ಹೇಳದೆ ಬಿಟ್ಟ ಸಂಗತಿಯೊಂದುಂಟು. ನೆಲ ನಿಜವಾಗಿಯೂ ಡೊಂಕಾಗಿರುವ ಸಂದರ್ಭಗಳೂ ಬರುತ್ತವೆ. ಆಗ ಕುಣಿಯುವವಳು ಗಾದೆಗೆ ಹೆದರಿ ಬಾಯಿ ಮುಚ್ಚಿಕೊಳ್ಳುತ್ತಾಳೆ, ತನ್ನ ಕಾಲನ್ನೇ ಶಪಿಸಿಕೊಳ್ಳುತ್ತಾಳೆ, ಕೊನೆಗೆ ಕುಣಿತವನ್ನೇ ಬಿಡುತ್ತಾಳೆ. ಲಿನಕ್ಸ್ ಎಂಬ ಗಣಕ ವ್ಯವಸ್ಥೆಯಲ್ಲಿ ಆಟವಾಡಲು ಹೊರಟು ಕರಿಯ ಪರದೆಯ ಮುಂದೆ ಕುಳಿತ ಹೊಸಬನ ಕಥೆ ಇದೇ.

ಇದು ಹುಡುಗಾಟದ ವಿಷಯವೆಂದು ವಾಚಕರು ಪುಟ ತಿರುವಬಾರದು. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಮುಂದಿನ ವಿಂಡೋಸ್ 11ಕ್ಕೆ ಹತ್ತು ವರ್ಷದ ಹಳೆಯ ಯಂತ್ರಗಳು ಅಧಿಕೃತವಾಗಿ ಸಲ್ಲವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಂಥ ಊರುಗಳಲ್ಲಿ ಕಾಲೇಜು ಓದುವ ಹುಡುಗರ ಕೈಯಲ್ಲಿರುವ ಗಣಕಗಳಲ್ಲಿ ಅಣ್ಣನಿಂದ ತಮ್ಮನಿಗೆ ಇಳಿದು ಬಂದವು ಎಷ್ಟೋ, ಅರ್ಧ ಬೆಲೆಗೆ ಕೊಂಡವು ಎಷ್ಟೋ. ಕೆಟ್ಟಿಲ್ಲದ ಯಂತ್ರವನ್ನು ಬಿಸಾಡಲು ಯಾರಿಗೆ ಮನಸ್ಸು ಬಂದೀತು? ಅವರಲ್ಲಿ ಕೆಲವರು ಹಣ ಕೇಳದ ಲಿನಕ್ಸಿನ ಕಡೆ ತಿರುಗುತ್ತಾರೆ. ಓದುಬರಹದ ಕೆಲಸವೆಲ್ಲ ಸುಸೂತ್ರವಾಗಿ ಸಾಗುತ್ತದೆ. ಆಟ ತೆರೆದಾಗ ಮಾತ್ರ ಪರದೆ ಕಪ್ಪಾಗುತ್ತದೆ, ಇಲ್ಲವೆ ಚಿತ್ರ ಕುಂಟುತ್ತದೆ. “ಸರ್, ಇದು ನಮ್ಮಂಥವರಿಗಲ್ಲ” ಎನ್ನುತ್ತಾನೆ ಹುಡುಗ. ನನ್ನನ್ನು ಈ ಲೇಖನಕ್ಕೆ ಹಚ್ಚಿದ್ದು ಆ ‘ನಮ್ಮಂಥವರಿಗಲ್ಲ’ ಎಂಬ ಮಾತು. ಅದು ಸುಳ್ಳೆಂಬುದಕ್ಕೆ ಇತಿಹಾಸವೇ ಸಾಕ್ಷಿ.

ಮೊದಲು ‘ಡ್ರೈವರ್’ ಎಂದರೇನೆಂಬುದನ್ನು ತಿಳಿಯಬೇಕು. ಆದಿಲಶಾಹಿಯ ಕಾಲದಲ್ಲಿ ಪಾರಸಿ ಬಲ್ಲ ಅಧಿಕಾರಿಗೂ ಕನ್ನಡವೊಂದನ್ನೇ ಬಲ್ಲ ರೈತನಿಗೂ ನಡುವೆ ಎರಡೂ ಬಲ್ಲ ದುಭಾಷಿಯೊಬ್ಬ ಬೇಕಾಗುತ್ತಿದ್ದ. ಗಣಕದಲ್ಲಿಯೂ ಹಾಗೆಯೇ. ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಅದರದೇ ಒಂದು ಭಾಷೆ, ಯಂತ್ರವನ್ನು ಆಳುವ ವ್ಯವಸ್ಥೆಗೆ ಮತ್ತೊಂದು ಭಾಷೆ. ಇವೆರಡರ ನಡುವೆ ನಿಂತು ಮಾತು ಮುಟ್ಟಿಸುವ ತಂತ್ರಾಂಶವೇ ಡ್ರೈವರ್. ಕಾರ್ಡಿನ ಭಾಷೆಗೆ ವ್ಯಾಕರಣ ಬರೆಯುವವರು ಅದನ್ನು ತಯಾರಿಸಿದ ಕಂಪನಿಯವರು. ಅವರು ವ್ಯಾಕರಣವನ್ನು ಪ್ರಕಟಿಸಿದರೆ ಯಾರು ಬೇಕಾದರೂ ದುಭಾಷಿಯನ್ನು ಸಿದ್ಧಪಡಿಸಬಹುದು. ಬಚ್ಚಿಟ್ಟರೆ ಅವರು ಕಳಿಸಿದ ದುಭಾಷಿಯನ್ನೇ ನಂಬಬೇಕು. ಕರಿಯ ಪರದೆಯ ಚರಿತ್ರೆಯೆಲ್ಲ ಈ ಪ್ರಕಟಣೆ ಮತ್ತು ಬಚ್ಚಿಡುವಿಕೆಗಳ ಜಗಳದ ಚರಿತ್ರೆ.

ಜಗಳದ ಮೂಲ ಒಂದು ಮುದ್ರಣಯಂತ್ರ. 1980ರ ಸುಮಾರಿಗೆ ಅಮೆರಿಕದ ಎಂ.ಐ.ಟಿ.ಯ ಪ್ರಯೋಗಶಾಲೆಗೆ ಝೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರು ಬಂದಿತು. ಅದರಲ್ಲಿ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಸಿಕ್ಕಿಕೊಂಡದ್ದು ದೂರದಲ್ಲಿ ಕುಳಿತವರಿಗೆ ತಿಳಿಯುತ್ತಿರಲಿಲ್ಲ. ತಿಳಿಸುವ ಏರ್ಪಾಡನ್ನು ತಾನೇ ಮಾಡುವೆನೆಂದು ರಿಚರ್ಡ್ ಸ್ಟಾಲ್ಮನ್ ಎಂಬ ತರುಣನು ಅದರ ತಂತ್ರಾಂಶದ ಮೂಲಬರಹವನ್ನು ಕೇಳಿದನು. ಯಾರಿಗೂ ಕೊಡೆನೆಂದು ಕಂಪನಿಗೆ ಮಾತು ಕೊಟ್ಟಿದ್ದವರು ಕೊಡಲಿಲ್ಲ. 1983ರಲ್ಲಿ ಅವನು ಗ್ನೂ ಎಂಬ ಮುಕ್ತ ವ್ಯವಸ್ಥೆಯ ಯೋಜನೆಯನ್ನು ಸಾರಿದ ಹಿನ್ನೆಲೆಯಲ್ಲಿ ಈ ನೆನಪೂ ಇತ್ತು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ತನ್ನ ಮನೆಯ ಗಣಕಕ್ಕಾಗಿ ಬರೆದ ಕರ್ನೆಲ್ ಅದಕ್ಕೆ ಜೊತೆಯಾಯಿತು. ಅದೇ 1991ರ ಅಕ್ಟೋಬರಿನಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲನೆಯ ಆವೃತ್ತಿಯಲ್ಲಿ ಕನ್ನಡ ಲಿಪಿಗೂ ಸ್ಥಾನ ದೊರೆಯಿತೆಂಬುದನ್ನು ಕನ್ನಡಿಗರು ನೆನಪಿಡಬಹುದು.

ನೆನಪಿಡಲು ಕಾರಣವುಂಟು. ‘ನುಡಿ’ಯಲ್ಲಿ ಬೆರಳಚ್ಚು ಮಾಡಿದ ಅರ್ಜಿಯನ್ನು ಆ ಅಕ್ಷರಗಳಿಲ್ಲದ ಇನ್ನೊಂದು ಗಣಕದಲ್ಲಿ ತೆರೆದಾಗ ಕನ್ನಡವೆಲ್ಲ ಚಿತ್ರವಿಚಿತ್ರ ಚಿಹ್ನೆಗಳಾಗಿ ಉದುರಿದ್ದನ್ನು ನಮ್ಮ ಕಚೇರಿಗಳಲ್ಲಿ ಕಾಣದವರಾರು? ಅದು ಬೆರಳಚ್ಚುಗಾರನ ತಪ್ಪಾಗಿರಲಿಲ್ಲ. ಅಕ್ಷರಕ್ಕೊಂದು ಸಂಖ್ಯೆಯೆಂಬ ಒಪ್ಪಂದವು ಎರಡು ಯಂತ್ರಗಳ ನಡುವೆ ಇರಲಿಲ್ಲ, ಅಷ್ಟೆ. ಒಪ್ಪಂದ ಎಲ್ಲರಿಗೂ ತೆರೆದ ಯೂನಿಕೋಡಾದ ಮೇಲೆ ಆ ಪೀಡೆ ಬಹುಮಟ್ಟಿಗೆ ತೊಲಗಿತು. ಗ್ರಾಫಿಕ್ಸ್ ಡ್ರೈವರಿನ ವ್ಯಾಜ್ಯವೂ ಇದೇ ಜಾತಿಯದು.

ಲಿನಕ್ಸಿನ ಮೊದಲ ದಿನಗಳಲ್ಲಿ ಪರದೆಯ ಮೇಲೆ ಚಿತ್ರ ಮೂಡಿಸುವುದೇ ಒಂದು ವ್ರತ. ಎಕ್ಸ್‌ಫ್ರೀ86 ಎಂಬ ತಂತ್ರಾಂಶಕ್ಕೆ ಪರದೆಯು ಸೆಕೆಂಡಿಗೆ ಎಷ್ಟು ಸಲ ಗೆರೆ ಎಳೆಯುತ್ತದೆ, ಎಷ್ಟು ಸಲ ಹೊಸದಾಗಿ ಬೆಳಗುತ್ತದೆ ಎಂಬ ಸಂಖ್ಯೆಗಳನ್ನು ಬಳಸುವವನೇ ಕೈಯಾರೆ ಬರೆದು ಕೊಡಬೇಕಾಗಿತ್ತು. ತಪ್ಪು ಸಂಖ್ಯೆ ಬರೆದರೆ ಪರದೆಯೇ ಸುಟ್ಟೀತೆಂಬ ಎಚ್ಚರಿಕೆಯೂ ಇರುತ್ತಿತ್ತು. ಆದರೂ ಆಟಗಳು ಬಂದವು. 1993ರ ಡಿಸೆಂಬರಿನಲ್ಲಿ ಹೊರಬಂದ ‘ಡೂಮ್’ ಎಂಬ ಆಟವನ್ನು 1994ರಲ್ಲಿ ಡೇವ್ ಟೇಲರ್ ಲಿನಕ್ಸಿಗೆ ತಂದನು. 1997ರ ಕೊನೆಗೆ ಆ ಆಟದ ಮೂಲಬರಹವನ್ನು ಲೋಕಕ್ಕೆ ಬಿಟ್ಟುಕೊಟ್ಟಾಗ ಅದರ ಕರ್ತೃಗಳು ಕೊಟ್ಟದ್ದು ಲಿನಕ್ಸಿನ ಪ್ರತಿಯನ್ನೇ. ಏಕೆಂದರೆ ಡಾಸ್ ಪ್ರತಿಯಲ್ಲಿ ಧ್ವನಿ ಹೊರಡಿಸುವ ಭಾಗವು ಬೇರೊಬ್ಬರ ಸೊತ್ತಾಗಿತ್ತು. ಒಂದು ಬೀಗ ಹಾಕಿದ ತುಂಡಿನಿಂದ ಇಡೀ ಕೃತಿ ಹೇಗೆ ಕೈಗೆ ಸಿಗದೆ ಹೋಗುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಮುಂದೆ ಮೂರು ಆಯಾಮದ ಚಿತ್ರಗಳ ಯುಗ ಬಂದಿತು. ಬ್ರಯನ್ ಪಾಲ್ ಎಂಬವನು 1993ರಲ್ಲಿ ಬಿಡುವಿನ ವೇಳೆಯಲ್ಲಿ ಆರಂಭಿಸಿ 1995ರಲ್ಲಿ ಪ್ರಕಟಿಸಿದ ‘ಮೆಸಾ’ ಎಂಬ ತಂತ್ರಾಂಶ ಸಂಗ್ರಹವು ಇಂದಿಗೂ ಲಿನಕ್ಸಿನ ಚಿತ್ರಶಾಲೆಯ ಬುನಾದಿಯಾಗಿದೆ. 1998ರಲ್ಲಿ ಹುಟ್ಟಿದ ಲೋಕಿ ಎಂಬ ಕಂಪನಿ ಹೆಸರಾಂತ ಆಟಗಳನ್ನು ಲಿನಕ್ಸಿಗೆ ತಂದು ಮಾರಿತು. ಕೊಳ್ಳುವವರು ಸಾಲದೆ 2002ರ ಜನವರಿಯಲ್ಲಿ ಬಾಗಿಲು ಮುಚ್ಚಿತು. ಆದರೆ ಅಲ್ಲಿ ದುಡಿದ ಸ್ಯಾಮ್ ಲಾಂಟಿಂಗಾ ಬರೆದ ಎಸ್‌ಡಿಎಲ್ ಎಂಬ ಆಟದ ನೆರವಿನ ತಂತ್ರಾಂಶ ಮುಕ್ತವಾಗಿತ್ತು. ಆದ್ದರಿಂದ ಕಂಪನಿ ಅಳಿದರೂ ಅದು ಉಳಿಯಿತು. ಇಂದಿಗೂ ಎಷ್ಟೋ ಆಟಗಳು ಅದರ ಮೇಲೆ ನಿಂತಿವೆ.

2000ನೆಯ ಇಸವಿಯಲ್ಲಿ ಎನ್ವಿಡಿಯಾ ಕಂಪನಿ ಲಿನಕ್ಸಿಗೆ ತನ್ನದೇ ಡ್ರೈವರನ್ನು ಕೊಟ್ಟಿತು. ವೇಗದಲ್ಲಿ ಅದಕ್ಕೆ ಎಣೆಯಿರಲಿಲ್ಲ. ಆದರೆ ಒಳಗೇನಿದೆಯೆಂಬುದನ್ನು ತೋರಿಸಲಿಲ್ಲ. ಹೊಸಬನ ಮೊದಲನೆಯ ಸಂಕಟದ ಬೇರು ಇಲ್ಲಿದೆ. ಲಿನಕ್ಸಿನ ಕರ್ನೆಲ್ ಕೆಲವು ವಾರಗಳಿಗೊಮ್ಮೆ ಹೊಸದಾಗುತ್ತದೆ. ಅದರೊಳಗೇ ಇರುವ ಡ್ರೈವರುಗಳು ಅದರ ಜೊತೆಯಲ್ಲೇ ತಿದ್ದಲ್ಪಡುತ್ತವೆ. ಹೊರಗಿನಿಂದ ಬಂದದ್ದನ್ನು ಪ್ರತಿ ಸಲವೂ ಹೊಸದಾಗಿ ಹೊಂದಿಸಬೇಕು. ಈ ಹೊಂದಿಕೆ ತಾನಾಗಿ ನಡೆಯಲೆಂದು ಡೆಲ್ ಕಂಪನಿಯವರು 2003ರಲ್ಲಿ ಡಿಕೆಎಂಎಸ್ ಎಂಬ ಏರ್ಪಾಡನ್ನು ಮಾಡಿದರು. ಅದು ನಡೆಯದೆ ಹೋದ ದಿನ, ನಿನ್ನೆ ಚೆನ್ನಾಗಿದ್ದ ಯಂತ್ರ ಇಂದು ಕರಿಯ ಪರದೆ ತೋರುತ್ತದೆ. 2012ರಲ್ಲಿ ವಿಂಡೋಸ್ 8ರ ಯಂತ್ರಗಳೊಡನೆ ‘ಸೆಕ್ಯೂರ್ ಬೂಟ್’ ಎಂಬ ಕಾವಲು ಎಲ್ಲೆಡೆ ಹರಡಿತು. ಮುದ್ರೆಯೊತ್ತಿರದ ಡ್ರೈವರನ್ನು ಆ ಕಾವಲುಗಾರನು ಒಳಗೆ ಬಿಡುವುದಿಲ್ಲ. ಹುಡುಗನಿಗೆ ಕಾಣುವುದು ಮಾತ್ರ ಅದೇ ಕತ್ತಲೆ.

ವ್ಯಾಕರಣ ಸಿಗದಿದ್ದಾಗ ಕೆಲವರು ಮಾತು ಕೇಳಿಸಿಕೊಂಡೇ ಭಾಷೆ ಕಲಿಯಹೊರಟರು. ಹೊಸದೆಂದು ಅರ್ಥ ಕೊಡುವ ಫ್ರೆಂಚ್ ಪದದಿಂದ ‘ನೂವೋ’ ಎಂದು ಹೆಸರಾದ ಯೋಜನೆ 2005ರ ಸುಮಾರಿಗೆ ಮೊದಲಾಯಿತು. ಕಂಪನಿಯ ಡ್ರೈವರು ಕಾರ್ಡಿಗೆ ಏನು ಹೇಳುತ್ತದೆಂಬುದನ್ನು ಕದ್ದು ಕೇಳಿ, ಬರೆದಿಟ್ಟು, ಅರ್ಥ ಊಹಿಸಿ ಮುಕ್ತ ಡ್ರೈವರೊಂದನ್ನು ಕಟ್ಟಿದರು. ಓದಲು ಬಾರದ ಲಿಪಿಯನ್ನು ಶಾಸನಗಳನ್ನಿಟ್ಟುಕೊಂಡು ಬಿಡಿಸಿದ ವಿದ್ವಾಂಸರ ಶ್ರಮಕ್ಕೆ ಇದು ಕಡಿಮೆಯಲ್ಲ. 2010ರ ಫೆಬ್ರುವರಿಯಲ್ಲಿ ಅದು ಲಿನಕ್ಸ್ ಕರ್ನೆಲಿನೊಳಗೆ ಸೇರಿತು. ಆದರೆ 2014ರಿಂದಾಚೆಗೆ ಬಂದ ಎನ್ವಿಡಿಯಾ ಕಾರ್ಡುಗಳು ಕಂಪನಿಯ ಸಹಿಯಿಲ್ಲದ ಒಳತಂತ್ರಾಂಶವನ್ನು ಒಪ್ಪದಾದವು. ನೂವೋ ಡ್ರೈವರಿನಲ್ಲಿ ಆ ಕಾರ್ಡುಗಳು ಎಚ್ಚರಗೊಂಡವು, ಓಡಲಾರವಾದವು. ಆಟ ತೆರೆದು ಆಮೆಯಂತೆ ಸಾಗಿದರೆ ಎಷ್ಟೋ ಸಲ ಕಾರಣ ಇದು.

ಇನ್ನೊಂದು ಪಕ್ಷದ ನಡವಳಿಕೆಯನ್ನೂ ಹೇಳಬೇಕು. ಎ.ಎಂ.ಡಿ. ಕಂಪನಿಯು 2007ರ ಸೆಪ್ಟೆಂಬರಿನಲ್ಲಿ ತನ್ನ ಕಾರ್ಡುಗಳ ವಿವರಗಳನ್ನು ಪ್ರಕಟಿಸುವೆನೆಂದು ಸಾರಿ, ಪ್ರಕಟಿಸತೊಡಗಿತು. ಇಂಟೆಲ್ ಕೂಡ ತೆರೆದ ಡ್ರೈವರುಗಳ ಹಾದಿ ಹಿಡಿಯಿತು. ಇವೆರಡರ ಚಿಪ್ಪುಗಳಿರುವ ಯಂತ್ರದಲ್ಲಿ ಇಂದು ಲಿನಕ್ಸ್ ಹಾಕಿದವನು ಬಹಳಷ್ಟು ಸಂದರ್ಭಗಳಲ್ಲಿ ಡ್ರೈವರೆಂಬ ಪದವನ್ನೇ ಕೇಳಬೇಕಾಗಿಲ್ಲ. ಅದು ಕರ್ನೆಲಿನಲ್ಲಿಯೂ ಮೆಸಾದಲ್ಲಿಯೂ ಮೊದಲೇ ಇರುತ್ತದೆ. 2012ರ ಜೂನಿನಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯಲ್ಲಿ ಟೊರ್ವಾಲ್ಡ್ಸ್ ಎನ್ವಿಡಿಯಾವನ್ನು ಕುರಿತು ಸಭ್ಯರು ಬರೆಯಲಾಗದ ಮಾತೊಂದನ್ನೂ ಬೆರಳಿನ ಸನ್ನೆಯೊಂದನ್ನೂ ಪ್ರಯೋಗಿಸಿದ್ದು ಲೋಕಪ್ರಸಿದ್ಧವಾಯಿತು. ಮಾತು ಒರಟು, ಅದರ ಹಿಂದಿನ ದಣಿವು ನಿಜ. 2022ರ ಮೇ ತಿಂಗಳಲ್ಲಿ ಎನ್ವಿಡಿಯಾ ಕೂಡ ಡ್ರೈವರಿನ ಕರ್ನೆಲ್ ಭಾಗವನ್ನು ತೆರೆಯಿತು; ಆದರೆ 2018ರಿಂದೀಚಿನ ಟ್ಯೂರಿಂಗ್ ಪೀಳಿಗೆ ಮತ್ತು ಅದರ ಮುಂದಿನ ಕಾರ್ಡುಗಳಿಗೆ ಮಾತ್ರ. ಅರ್ಧ ಬೆಲೆಗೆ ಹಳೆಯ ಕಾರ್ಡು ಕೊಂಡ ನಮ್ಮ ಹುಡುಗನಿಗೆ ಆ ಔದಾರ್ಯ ತಲುಪಲಿಲ್ಲ.

ಈ ನಡುವೆ ಆಟಗಳ ದಿಕ್ಕೂ ಬದಲಾಯಿತು. 2013ರ ಫೆಬ್ರುವರಿ 14ರಂದು ವಾಲ್ವ್ ಕಂಪನಿಯ ‘ಸ್ಟೀಮ್’ ಎಂಬ ಆಟದ ಅಂಗಡಿ ಲಿನಕ್ಸಿನಲ್ಲಿ ತೆರೆಯಿತು. 2016ರ ಫೆಬ್ರುವರಿಯಲ್ಲಿ ವಲ್ಕನ್ ಎಂಬ ಹೊಸ ಚಿತ್ರಭಾಷೆ ಬಂದಿತು. ವಿಂಡೋಸಿನ ಚಿತ್ರಭಾಷೆಯನ್ನು ವಲ್ಕನ್ನಿಗೆ ಅನುವಾದಿಸುವ ಡಿಎಕ್ಸ್‌ವಿಕೆ ಎಂಬುದನ್ನು ಫಿಲಿಪ್ ರೆಬೋಲೆ ಎಂಬ ಜರ್ಮನ್ ತರುಣನು ತನಗೆ ಮೆಚ್ಚಿಗೆಯಾದ ಒಂದು ಆಟವನ್ನು ಲಿನಕ್ಸಿನಲ್ಲಿ ಆಡಬೇಕೆಂಬ ಹಟದಿಂದ ಬರೆಯತೊಡಗಿದನು. ಅದನ್ನೂ ಹಳೆಯ ‘ವೈನ್’ ಯೋಜನೆಯನ್ನೂ ಸೇರಿಸಿ ವಾಲ್ವ್ 2018ರ ಆಗಸ್ಟಿನಲ್ಲಿ ‘ಪ್ರೋಟಾನ್’ ಹೊರತಂದಿತು. ವಿಂಡೋಸಿಗೆಂದೇ ಬರೆದ ಸಾವಿರಾರು ಆಟಗಳು ಲಿನಕ್ಸಿನಲ್ಲಿ ನಡೆಯತೊಡಗಿದವು. 2022ರ ಫೆಬ್ರುವರಿಯಲ್ಲಿ ಬಂದ ‘ಸ್ಟೀಮ್ ಡೆಕ್’ ಎಂಬ ಕೈಯಂತ್ರ ಲಿನಕ್ಸಿನ ಮೇಲೆಯೇ ನಡೆಯುತ್ತದೆ. ಅದರ ಚಿಪ್ಪು ಎ.ಎಂ.ಡಿ.ಯದು.

ಆದರೆ ಅನುವಾದದ ಮೇಲೆ ಅನುವಾದವಾದಾಗ ಎಡವಲು ಮೆಟ್ಟಿಲೂ ಹೆಚ್ಚುತ್ತವೆ. 2022ರ ನವೆಂಬರಿನ ಡಿಎಕ್ಸ್‌ವಿಕೆ 2.0 ವಲ್ಕನ್ 1.3ನ್ನು ಬೇಡುತ್ತದೆ. ಅಗ್ಗವೆಂದು ನಮ್ಮಲ್ಲಿ ಬಹಳ ಮಾರಾಟವಾದ ಜಿಟಿ 710 ಕಾರ್ಡಿನಂಥ ಕೆಪ್ಲರ್ ಪೀಳಿಗೆಗೆ ಕಂಪನಿಯ ಡ್ರೈವರು 470ನೆಯ ಸರಣಿಗೇ ನಿಂತಿದೆ; ಅದರಲ್ಲಿ ವಲ್ಕನ್ 1.3 ಇಲ್ಲ. ಇಂಟೆಲಿನ ನಾಲ್ಕನೆಯ ಪೀಳಿಗೆಯ ಚಿಪ್ಪಿನಲ್ಲಿ ವಲ್ಕನ್ ಬೆಂಬಲ ಅಪೂರ್ಣವೆಂದು ಮೆಸಾ ತಾನೇ ಬಾಯಿ ಬಿಟ್ಟು ಹೇಳುತ್ತದೆ. ಅಂಥ ಯಂತ್ರದಲ್ಲಿ ಹೊಸ ಆಟ ಓಡದಿದ್ದರೆ ಅದು ಹುಡುಗನ ಅಜ್ಞಾನವಲ್ಲ. ಹಳೆಯ ಪ್ರೋಟಾನನ್ನು ಆರಿಸಿಕೊಂಡು ಹಳೆಯ ಆಟವನ್ನು ಆಡುವುದೇ ಅಲ್ಲಿ ವಿವೇಕ.

ಇಷ್ಟು ಚರಿತ್ರೆಯಿಂದ ಪ್ರಯೋಜನವೇನು? ರೋಗಕ್ಕೊಂದು ಜಾತಕ ದೊರೆತರೆ ಚಿಕಿತ್ಸೆಗೆ ಕ್ರಮ ದೊರೆಯುತ್ತದೆ. ಹೊಸಬನು ಸಾಮಾನ್ಯವಾಗಿ ಮಾಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ. ಡ್ರೈವರು ಕೆಟ್ಟರೆ ಇಡೀ ಲಿನಕ್ಸನ್ನೇ ಅಳಿಸಿ ಮತ್ತೆ ಹಾಕುತ್ತಾನೆ. ಅದರ ಬದಲು ಮೂರು ಪ್ರಶ್ನೆಗಳನ್ನು ಕೇಳಬೇಕು. ನನ್ನ ಕಾರ್ಡು ಯಾವುದು, ಯಾವ ವರ್ಷದ್ದು? ಈಗ ಅದಕ್ಕೆ ದುಭಾಷಿಯಾಗಿ ನಿಂತಿರುವವರು ಯಾರು? ನಿಜವಾಗಿ ಚಿತ್ರ ಬಿಡಿಸುತ್ತಿರುವುದು ಕಾರ್ಡೋ, ಬೇರೆ ಯಾರೋ? ಮೊದಲೆರಡಕ್ಕೆ ‘ಎಲ್‌ಎಸ್‌ಪಿಸಿಐ’ ಎಂಬ ಆಜ್ಞೆ ಉತ್ತರ ಕೊಡುತ್ತದೆ, ಮೂರನೆಯದಕ್ಕೆ ‘ಜಿಎಲ್‌ಎಕ್ಸ್‌ಇನ್ಫೋ’. ಅಲ್ಲಿ ‘ಎಲ್‌ಎಲ್‌ವಿಎಂಪೈಪ್’ ಎಂಬ ಹೆಸರು ಕಂಡರೆ ಕಾರ್ಡು ಸುಮ್ಮನೆ ಕುಳಿತಿದೆ, ಗಣಕದ ಮೂಲ ಸಂಸ್ಕಾರಕವೇ ಕಷ್ಟಪಟ್ಟು ಬಣ್ಣ ಬಳಿಯುತ್ತಿದೆಯೆಂದು ತಿಳಿಯಬೇಕು.

ಡ್ರೈವರನ್ನು ವಿಂಡೋಸಿನ ರೂಢಿಯಂತೆ ಕಂಪನಿಯ ತಾಣದಿಂದ ಇಳಿಸಿಕೊಳ್ಳಬಾರದು. ಉಬುಂಟು, ಮಿಂಟ್‌ಗಳಂಥವು ತಮ್ಮ ಭಂಡಾರದಲ್ಲಿ ಹೊಂದಿಸಿಟ್ಟಿರುವುದನ್ನೇ ಪಡೆಯಬೇಕು. ಆಗ ಕರ್ನೆಲ್ ಬದಲಾದಾಗಿನ ಹೊಂದಿಕೆಯನ್ನು ಅವೇ ನೋಡಿಕೊಳ್ಳುತ್ತವೆ. ಹಳೆಯ ಆಟಗಳೆಷ್ಟೋ 32 ಬಿಟ್ಟಿನವು. ಅವುಗಳಿಗೆ ಡ್ರೈವರಿನ 32 ಬಿಟ್ಟಿನ ಭಾಗವೂ ಬೇಕು. ಆ ಭಾಗಗಳನ್ನು ಕೈಬಿಡುವೆವೆಂದು ಉಬುಂಟುವಿನವರು 2019ರ ಜೂನಿನಲ್ಲಿ ಸಾರಿ, ಆಟಗಾರರ ಮತ್ತು ವಾಲ್ವಿನ ವಿರೋಧದಿಂದ ಹಿಂದೆ ಸರಿದರು. ಪರದೆ ಪೂರ್ತಿ ಕಪ್ಪಾದರೆ ಯಂತ್ರ ಏಳುವ ವೇಳೆ ‘ನೋಮೋಡ್‌ಸೆಟ್’ ಎಂಬ ಪದವನ್ನು ಸೇರಿಸಿ ತಾತ್ಕಾಲಿಕವಾಗಿ ಬೆಳಕು ತಂದುಕೊಳ್ಳಬಹುದು. ಅದು ಊರುಗೋಲು, ಕಾಲಲ್ಲ. ಡ್ರೈವರು ಸರಿಯಾದ ಕೂಡಲೆ ತೆಗೆದುಹಾಕಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಯಂತ್ರ ತಾನೇ ಬರೆದಿಡುವ ದಿನಚರಿಯನ್ನು ಓದಬೇಕು. ಸೋತದ್ದೆಲ್ಲಿ ಎಂಬುದು ಎಷ್ಟೋ ಸಲ ಅಲ್ಲಿ ಒಂದು ಸಾಲಿನಲ್ಲಿ ಇರುತ್ತದೆ.

ಅನ್ಯರು ಕೊಟ್ಟ ಆಜ್ಞೆಯನ್ನು ಅರ್ಥ ತಿಳಿಯದೆ ನಕಲು ಮಾಡುವುದರ ಅಪಾಯವನ್ನು ಕನ್ನಡ ಮೇಷ್ಟರಾದವರು ಚೆನ್ನಾಗಿ ಬಲ್ಲರು. ಓಲೆಗರಿಗಳಲ್ಲಿ ಪದಗಳ ನಡುವೆ ತೆರಪು ಇರುವುದಿಲ್ಲ. ಪದಚ್ಛೇದ ತಪ್ಪಿದರೆ ಅರ್ಥ ಅನರ್ಥವಾಗುತ್ತದೆ. 2011ರಲ್ಲಿ ಇಂಥದೇ ಒಂದು ಘಟನೆ ನಡೆಯಿತು. ಎರಡು ಗ್ರಾಫಿಕ್ಸ್ ಚಿಪ್ಪುಗಳಿರುವ ಲ್ಯಾಪ್‌ಟಾಪುಗಳಿಗಾಗಿ ಸ್ವಯಂಸೇವಕರು ಬರೆದ ‘ಬಂಬಲ್‌ಬೀ’ ಎಂಬ ತಂತ್ರಾಂಶದ ಸ್ಥಾಪನಾ ಆಜ್ಞೆಯಲ್ಲಿ, ಅಳಿಸಬೇಕಾದ ಕಡತದ ವಿಳಾಸದ ನಡುವೆ ಒಂದು ತೆರಪು ನುಸುಳಿತ್ತು. ಯಂತ್ರ ಅದನ್ನು ಎರಡು ವಿಳಾಸಗಳೆಂದು ಓದಿತು. ಒಂದು ಸಣ್ಣ ಕಡತ ಹೋಗಬೇಕಾದಲ್ಲಿ ತಂತ್ರಾಂಶಗಳ ಮಹಾ ಉಗ್ರಾಣವೇ ಅಳಿಸಿಹೋಯಿತು. ಬರೆದವರು ತಪ್ಪನ್ನು ತಿದ್ದಿದರು. ತಪ್ಪೂ ತಿದ್ದುಪಡಿಯೂ ಎಲ್ಲರೆದುರಿಗೇ ನಡೆದದ್ದರಿಂದ ಇಂದಿಗೂ ಅದು ಪಾಠವಾಗಿ ಉಳಿದಿದೆ. ಮುಚ್ಚಿದ ಬಾಗಿಲೊಳಗೂ ಇಂಥ ತಪ್ಪುಗಳು ಆಗುತ್ತಿರಬಹುದು. ಆದರೆ ಅವು ಯಾರಿಗೂ ಪಾಠವಾಗುವುದಿಲ್ಲ.

ಈ ಚರಿತ್ರೆಯನ್ನು ನೋಡಿದವರಿಗೆ ಹೊಸಬನ ಕರಿಯ ಪರದೆ ಅವನೊಬ್ಬನ ಅವಮಾನವಾಗಿ ಕಾಣದು. ಅದೇ ಪರದೆಯ ಮುಂದೆ ಮೂರು ದಶಕಗಳಿಂದ ಹೆಲ್ಸಿಂಕಿಯವರೂ ಪ್ಯಾರಿಸಿನವರೂ ಕುಳಿತಿದ್ದಾರೆ. ಅವರಿಗೂ ನಮ್ಮ ಇಂಡಿಯ ಹುಡುಗನಿಗೂ ಬುದ್ಧಿಯಲ್ಲಿ ಅಂತರವಿಲ್ಲ. ಅವರು ಸೋತಾಗ ಬರೆದಿಟ್ಟರು, ಗೆದ್ದಾಗಲೂ ಬರೆದಿಟ್ಟರು; ಬರೆದದ್ದು ಮುಂದಿನವನಿಗೆ ದಾರಿಯಾಯಿತು. ನಮ್ಮ ಹುಡುಗನು ಎರಡು ರಾತ್ರಿ ನಿದ್ದೆಗೆಟ್ಟು ಒಂದು ಹಳೆಯ ಕಾರ್ಡನ್ನು ಸರಿಪಡಿಸಿದರೆ ಆ ವಿದ್ಯೆ ಅವನಲ್ಲಿಯೇ ಉಳಿದು ಹೋಗುತ್ತದೆ. ಮರುವರ್ಷ ಸಿಂದಗಿಯಲ್ಲಿಯೋ ಮುದ್ದೇಬಿಹಾಳದಲ್ಲಿಯೋ ಇನ್ನೊಬ್ಬನು ಅದೇ ಎರಡು ರಾತ್ರಿ ನಿದ್ದೆಗೆಡುತ್ತಾನೆ. ಗ್ನೋಮ್, ಕೆಡಿಇಗಳಂಥ ಲಿನಕ್ಸ್ ಮುಖಗಳ ಮೇಲಿನ ಮಾತುಗಳನ್ನು ಸ್ವಯಂಸೇವಕರು ಕನ್ನಡಕ್ಕೆ ತಂದಿದ್ದಾರೆ. ಅವರಿಗೆ ನಾವು ಋಣಿಗಳು. ಕೆಟ್ಟಾಗ ಏನು ಮಾಡಬೇಕೆಂಬ ತಿಳಿವಳಿಕೆ ಮಾತ್ರ ಇನ್ನೂ ಬಹುಪಾಲು ಇಂಗ್ಲಿಷಿನಲ್ಲಿಯೇ ಇದೆ.

ಇಲ್ಲಿ ಇಂಡಿ ತಾಲೂಕಿನ ಸಾಲೋಟಗಿಯ ಶಾಸನವನ್ನು ನೆನೆಯಬೇಕು. ಶಕ 867, ಎಂದರೆ ಕ್ರಿ.ಶ. 945ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ಕಟ್ಟಿಸಿದ ಶಾಲೆಗೆ ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ವಾಸಕ್ಕೆ 27 ಮನೆಗಳಿದ್ದವು. ದೀಪಕ್ಕೆಂದೇ 12 ನಿವರ್ತನ ಭೂಮಿಯನ್ನೂ ಉಪಾಧ್ಯಾಯನಿಗೆ 50 ನಿವರ್ತನವನ್ನೂ ಬಿಟ್ಟಿದ್ದರು. ಊರಿನಲ್ಲಿ ಮದುವೆಯಾದರೆ ಇಷ್ಟು, ಉಪನಯನವಾದರೆ ಅದರಲ್ಲಿ ಅರ್ಧ, ಚೌಲವಾದರೆ ಅದರಲ್ಲೂ ಅರ್ಧ ಎಂದು ಶಾಲೆಗೆ ಸಲ್ಲಿಸಬೇಕಾದ ಕಾಣಿಕೆಯೂ ಗೊತ್ತಾಗಿತ್ತು. ಒಬ್ಬೊಬ್ಬರು ಸ್ವಲ್ಪ ಸ್ವಲ್ಪ ಕೊಟ್ಟರೆ ಎಲ್ಲರ ದೀಪ ಉರಿಯುತ್ತದೆಂಬ ಲೆಕ್ಕ ನಮ್ಮ ನೆಲಕ್ಕೆ ಹೊಸದಲ್ಲ. ಆ ಶಾಲೆಯ ಬಾಗಿಲು ಎಲ್ಲ ಜಾತಿಯವರಿಗೂ ತೆರೆದಿರಲಿಲ್ಲವೆಂಬುದೂ ಅಷ್ಟೇ ನಿಜ. ಇಂದಿನ ಈ ಮುಕ್ತ ಶಾಲೆಗೆ ಬಾಗಿಲೂ ಇಲ್ಲ, ಬಾಗಿಲು ಕಾಯುವವನೂ ಇಲ್ಲ. ಎಡವಿಸುವ ಹೊಸ್ತಿಲು ಒಂದಿದೆ, ಅದು ಭಾಷೆ.

ಆ ಹೊಸ್ತಿಲನ್ನು ತಗ್ಗಿಸಲು ಕಂಪನಿಗಳ ಅಪ್ಪಣೆ ಬೇಕಾಗಿಲ್ಲ. ಕಾರ್ಡಿನ ಹೆಸರು, ಕಂಡ ದೋಷ, ಮಾಡಿದ ಉಪಾಯ, ಫಲಿಸಿತೋ ಇಲ್ಲವೋ ಎಂಬ ನಾಲ್ಕು ಸಾಲುಗಳನ್ನು ದಿನಾಂಕ ಹಾಕಿ ಕನ್ನಡದಲ್ಲಿ ಬರೆದಿಡುವ ಒಂದು ದಫ್ತರ ಪ್ರತಿ ಕಾಲೇಜಿನ ಗಣಕಕೋಣೆಯಲ್ಲಿ ಇರಲಿ. ಫಲಿಸದೆ ಹೋದದ್ದನ್ನೂ ಬರೆಯಲಿ; ಮುಂದಿನವನಿಗೆ ಅದೂ ಬೇಕು. ನೆಲ ಡೊಂಕಾಗಿದ್ದರೆ ಎಲ್ಲಿ ಡೊಂಕೆಂದು ಗುರುತು ಹಾಕಿಟ್ಟವನನ್ನು ಯಾವ ಗಾದೆಯೂ ಹೀಗಳೆಯಲಾರದು.